ಪರಾತದೊಳಗಿನ ಚಂದ್ರ

ಸಿರಸಂಗಿ
12 ಜೂನ್ 2025

ಒಂದು ಕಾಲಕ್ಕೆ ನನ್ನ ಜೀವದ ಗೆಳತಿಯಾಗಿದ್ದ ಐಶ್ವರ್ಯಾಳಿಗೆ,

ಇಲ್ಲಿ ನಾನು, ಅವ್ವ, ನಮ್ಮ ಹಿಟ್ಟಿನ ಗಿರಣಿ ಎಲ್ಲರೂ ಕ್ಷೇಮ. ಅಲ್ಲಿ ಬೈಲಹೊಂಗಲದಲ್ಲಿ ನೀನು ಊಟ ಬಿಟ್ಟು ಮಲಗಿದ್ದೀ ಎಂದು ಕೇಳಿ ಸಂತೋಷವಾಯಿತು. ನಿನ್ನ ನಂಬರನ್ನು ಏಪ್ರಿಲ್‌ನಲ್ಲೇ ಬ್ಲಾಕ್ ಮಾಡಿದ್ದೇನೆ, ತೆಗೆಯುವ ಮನಸ್ಸಿಲ್ಲ. ಅದಕ್ಕೇ ಈ ಕಾಗದ. ಹರಿದು ಹಾಕುವ ಮೊದಲು ಒಮ್ಮೆ ಓದು.

ಕಿತ್ತೂರಿನ ಬೇಸಿಗೆ ಶಿಬಿರಕ್ಕೆ ನಾವಿಬ್ಬರೂ ಕೂಡಿಯೇ ಹೋದವರು. ಎಂಟನೆಯ ತರಗತಿಯಿಂದ ಹಾಸ್ಟೆಲಿನಲ್ಲಿ ಒಂದೇ ಕೋಣೆ, ಒಂದೇ ಬಾಚಣಿಗೆ. ಶಿಬಿರದಲ್ಲಿ ಕಾಂತೇಶ ಸರ್ ಬೆಳಿಗ್ಗೆ ಗ್ರಹ, ರಾಕೆಟ್ಟು, ಉಪಗ್ರಹ ಕಲಿಸುತ್ತಿದ್ದರು, ಮಧ್ಯಾಹ್ನ ಉದ್ಯಮ ಕಟ್ಟುವುದು ಹೇಗೆಂದು ಹೇಳುತ್ತಿದ್ದರು. ಕಡೆಗೆ ಇಬ್ಬಿಬ್ಬರು ಸೇರಿ ಬಾಹ್ಯಾಕಾಶದ ಪಾಠವೊಂದನ್ನು ಮಾರಾಟಕ್ಕೆ ಬರುವ ವಸ್ತುವನ್ನಾಗಿ ಮಾಡಬೇಕಿತ್ತು. ಗೆದ್ದವರು ಶ್ರೀಹರಿಕೋಟಾಕ್ಕೆ ಹೋಗಿ ರಾಕೆಟ್ ಹಾರುವುದನ್ನು ಕಣ್ಣಾರೆ ನೋಡಬಹುದು. ನನಗೆ ಅದು ಎಷ್ಟು ಬೇಕಾಗಿತ್ತೆಂದು ನಿನ್ನಷ್ಟು ಬಲ್ಲವರು ಯಾರೂ ಇರಲಿಲ್ಲ.

ಸರ್ ಚಂದ್ರನ ಮೇಲಿನ ಕುಳಿಗಳ ಫೋಟೋ ತೋರಿಸಿದಾಗ ನನಗೆ ನಮ್ಮ ಗಿರಣಿ ನೆನಪಾಯಿತು. ಹಿಟ್ಟಿನ ಮೇಲೆ ಜೋಳದ ಕಾಳು ಬಿದ್ದರೆ ಥೇಟ್ ಅಂಥದೇ ಕುಳಿ. ಅಡುಗೆಯವರ ಹತ್ತಿರ ರೊಟ್ಟಿ ಹಿಟ್ಟು ನಾದುವ ಅಗಲವಾದ ಪರಾತ ಕೇಳಿ ತಂದೆ. ಅದರಲ್ಲಿ ಜೋಳದ ಹಿಟ್ಟು ಹರವಿ, ಮೇಲೆ ತೆಳ್ಳಗೆ ಖಾರಪುಡಿ ಉದುರಿಸಿ, ಎತ್ತರದಿಂದ ಗೋಲಿ ಬಿಟ್ಟೆ. ಕುಳಿ ಬಿತ್ತು. ಕೆಂಪಿನ ಮೇಲೆ ಬಿಳಿ ಹಿಟ್ಟು ಸುತ್ತಲೂ ಕಿರಣಗಳ ಹಾಗೆ ಚಿಮ್ಮಿತು. ಖಾರವೂ ಎದ್ದು ನಾವಿಬ್ಬರೂ ಸಂಜೆಯವರೆಗೆ ಸೀನಿದೆವು. ಕುಂಕುಮ ಹಾಕೋಣ ಎಂದವಳು ನೀನು. ಅದೊಂದು ನಿನ್ನದು, ಇಲ್ಲವೆನ್ನುವುದಿಲ್ಲ.

ಉಳಿದದ್ದೆಲ್ಲ ನನ್ನದು. ಪರಾತದ ಚಂದ್ರ ಎಂಬ ಹೆಸರೂ ನನ್ನದೇ. ಶಾಲೆಗಳಿಗೆ ಮಾರುವ ಪೆಟ್ಟಿಗೆಯಲ್ಲಿ ಕುಂಕುಮ ಮತ್ತು ಸಣ್ಣ ದೊಡ್ಡ ಗುಂಡುಗಳು ಮಾತ್ರ ಇರಲಿ, ಹಿಟ್ಟನ್ನು ಆಯಾ ಊರಿನ ಗಿರಣಿಯಿಂದ ಹೊಸದಾಗಿ ತರಿಸಿಕೊಳ್ಳಲಿ ಎಂದು ಸಾರಿ ಸಾರಿ ಹೇಳಿದ್ದೆ. ಆಗ ನೀನು ಕನ್ನಡಿ ನೋಡಿಕೊಂಡು ಭಾಷಣದ ಅಭ್ಯಾಸ ಮಾಡುತ್ತಿದ್ದೆ.

ಕಡೆಯ ದಿನ ನನಗೆ ಜ್ವರ. ಹಣೆಗೆ ಒದ್ದೆ ಬಟ್ಟೆ ಹಾಕಿದವಳೂ ನೀನೇ. "ನೀ ಮಲಕ್ಕೊ, ನಾ ಎಲ್ಲಾ ನೋಡ್ಕೊಂತೇನಿ" ಎಂದು ಹೋದೆ. ನಾನು ಮನಸ್ಸು ತಡೆಯದೆ ಚಾದರ ಹೊದ್ದು ಬಂದು ಸಭೆಯ ಬಾಗಿಲಲ್ಲಿ ನಿಂತೆ. ಫಲಕದ ಮೇಲೆ ನಿನ್ನೊಬ್ಬಳದೇ ಹೆಸರು. ನಿನ್ನ ಜೊತೆಗಾರ್ತಿ ಪ್ರಣಿತಾ ಇದರಲ್ಲಿ ಏನು ಮಾಡಿದಳೆಂದು ಕಾಂತೇಶ ಸರ್ ಕೇಳಿದರು. "ಆಕಿ ಹಿಟ್ಟು ಸಾಣಿಸಿ ಕೊಟ್ಟಾಳ್ರಿ, ಸರ್" ಎಂದೆ ನೀನು. ನಗುತ್ತಲೇ ಅಂದೆ. ಆ ಮಾತು ಜ್ವರಕ್ಕಿಂತ ಹೆಚ್ಚು ಸುಟ್ಟಿತು. ಗೆದ್ದವಳೂ ನೀನೊಬ್ಬಳೇ.

ಅಲ್ಲೇ ಸರ್‌ಗೆ ಹೇಳಬಹುದಿತ್ತಲ್ಲ ಎನ್ನುತ್ತೀ. ಗಿರಣಿ ನಡೆಸುವವಳ ಮಗಳು ಹಿಟ್ಟು ಸಾಣಿಸಿದಳೆಂದರೆ ಯಾರು ಬೇಕಾದರೂ ನಂಬುತ್ತಾರೆ. ಅವಳೇ ಚಂದ್ರನನ್ನು ಮಾಡಿದಳೆಂದರೆ ಸಾಕ್ಷಿ ಕೇಳುತ್ತಾರೆ. ಇದ್ದ ಒಬ್ಬಳೇ ಸಾಕ್ಷಿ ನೀನು. ಅಂದಿನಿಂದ ನನಗೆ ಒಂದೇ ಹಟ. ಒಂದೋ ನೀನು ಎಲ್ಲರೆದುರು ಬಾಯಿ ಬಿಟ್ಟು ನನ್ನ ಹೆಸರು ಹೇಳಬೇಕು, ಇಲ್ಲವೋ ಎಲ್ಲರೆದುರು ಮುಖ ಮುಚ್ಚಿಕೊಳ್ಳಬೇಕು.

ಮೇ ತಿಂಗಳಲ್ಲಿ ನಿನ್ನ ಅಪ್ಪ ಬಸವಲಿಂಗ ಕಾಕಾ ಟಂಟಂ ಗಾಡಿ ಕಳಿಸಿ, ನಮ್ಮ ಸವದತ್ತಿ ಕಡೆಯಿಂದಲೇ ಜೋಳದ ಹಿಟ್ಟು ತರಿಸಿ, ಪ್ಲಾಸ್ಟಿಕ್ ಚೀಲಗಳಲ್ಲಿ ಬಿಗಿಯಾಗಿ ಕಟ್ಟಿಸಿ ಪೆಟ್ಟಿಗೆ ತುಂಬಿಸಿದರು. ಪೆಟ್ಟಿಗೆಯ ಮೇಲೆ ನಿನ್ನ ಫೋಟೋ. ಬೇಸಿಗೆಯ ಧಗೆಯಲ್ಲಿ ಜೋಳದ ಹಿಟ್ಟನ್ನು ತಿಂಗಳವರೆಗೆ ಕಟ್ಟಿಟ್ಟರೆ ಹುಳ ಬೀಳುತ್ತವೆಂದು ನಮ್ಮಲ್ಲಿ ಕೂಸಿಗೂ ಗೊತ್ತು. ನಿಮ್ಮ ಮನೆಯಲ್ಲಿ ರೊಟ್ಟಿ ಬಡಿಯಲು ಬೇರೆ ಹೆಂಗಸು ಬರುತ್ತಾಳೆ, ನಿನಗೆ ಹೇಗೆ ತಿಳಿಯಬೇಕು? ನಾನು ಹೇಳಿ ಕಳಿಸಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎಂದು ತೆಪ್ಪಗೆ ಕುಳಿತೆ.

ಹೋದ ರವಿವಾರ ಆ ಪೆಟ್ಟಿಗೆಯ ಬಿಡುಗಡೆಗೆಂದು ನಿಮ್ಮೂರಿನ ಸಭಾಭವನಕ್ಕೆ ಅವ್ವನನ್ನೂ ಕರೆದುಕೊಂಡು ಬಂದೆ. ಬಸ್ಸಿಳಿದು ಚುರಮುರಿ ಕಟ್ಟಿಸಿಕೊಂಡೆ, ಆಟ ನೋಡಲು ಹೋಗುವವರ ಹಾಗೆ. ನೀನು ರೇಷ್ಮೆ ಲಂಗ ಉಟ್ಟು, ಮುಚ್ಚಿದ ಪೆಟ್ಟಿಗೆ ಒಡೆದು, ಪರಾತಕ್ಕೆ ಹಿಟ್ಟು ಸುರಿದು ನೋಡದೆಯೇ ಕುಂಕುಮ ಹರಡಿದೆ. ನಿನ್ನ ಕಣ್ಣೆಲ್ಲ ಕ್ಯಾಮೆರಾದ ಕಡೆಗಿತ್ತು. ಅತಿಥಿಗಳು ಗುಂಡು ಬಿಟ್ಟರು. ಕುಳಿ ಚೆನ್ನಾಗಿಯೇ ಬಿತ್ತು. ಆಮೇಲೆ ಕುಂಕುಮದ ಮೇಲೆ ಬಿಳಿ ಗೆರೆಗಳು ತಾವಾಗಿಯೇ ಮೂಡತೊಡಗಿದವು. ದೊಡ್ಡ ಪರದೆಯ ಮೇಲೆ ಒಂದೊಂದು ಹುಳವೂ ಬೆರಳುದ್ದ. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ಚಂದ್ರನ ಮ್ಯಾಲ ಜೀವ ಐತ್ರಿ" ಎಂದಳು. ಸಭೆಗೆ ಸಭೆಯೇ ನಕ್ಕಿತು. ನನ್ನ ಹೊಟ್ಟೆ ತಣ್ಣಗಾಯಿತು, ಐಶು. ಸುಳ್ಳೇಕೆ ಹೇಳಲಿ.

ಇದೇನಿದು ಎಂದು ವೇದಿಕೆಯ ಮೇಲಿದ್ದ ಕಾಂತೇಶ ಸರ್ ಕೇಳಿದರು. ನೀನು ಮೈಕು ಹಿಡಿದು ಅಳುತ್ತಾ, "ಇದು ನಂದಲ್ರಿ, ಸರ್. ಪ್ರಣಿತಾಂದು. ಪೂರಾ ಆಕೀದ ಐತ್ರಿ" ಎಂದೆ. ನಾನು ಇಡೀ ಬೇಸಿಗೆ ಕಾದ ಮಾತು ಅದು. ಹುಳದ ಮೆರವಣಿಗೆಯೊಂದಿಗೆ ಬಂತು. ಎಲ್ಲ ತಲೆಗಳೂ ನನ್ನ ಕಡೆ ಹೊರಳಿದವು, ನನ್ನ ಬಾಯಿ ತುಂಬ ಚುರಮುರಿ. ಅವ್ವ ಮೆಲ್ಲಗೆ, "ಹುಳಾ ಬಿದ್ದ ಮ್ಯಾಲ ನಿನ್ನ ಹೆಸರು ನೆನಪಾತ ನೋಡು ಆಕಿಗೆ" ಎಂದಳು. ಸೇಡು ತೀರಿಸಿಕೊಳ್ಳುವುದರಲ್ಲೂ ನೀನು ನನ್ನನ್ನು ಮೀರಿಸಿದೆ.

ಆದರೆ ಕೇಳು. ಮರುದಿನ ಸರ್ ಅವ್ವನ ಫೋನಿಗೆ ಕರೆ ಮಾಡಿದರು. ಹಿಟ್ಟು ಕೆಟ್ಟರೂ ಯೋಚನೆ ಕೆಟ್ಟಿಲ್ಲವಂತೆ. ಮುಂದಿನ ತಿಂಗಳು ರಾಮದುರ್ಗದ ಶಾಲೆಯೊಂದರಲ್ಲಿ ನಾನು ಮತ್ತೆ ತೋರಿಸಬೇಕು. ಚೆನ್ನಾಗಿ ಆದರೆ ಶ್ರೀಹರಿಕೋಟಾದ ಅವಕಾಶ ನಿನ್ನ ಬದಲು ನನಗೆ. ಜೊತೆಗೆ ಯಾರನ್ನು ಕರೆತರುತ್ತೀ ಎಂದು ಕೇಳಿದರು. ನಿನ್ನ ಹೆಸರು ಕೊಟ್ಟೆ. ಕ್ಷಮಿಸಿದೆನೆಂದು ತಿಳಿಯಬೇಡ. ಫಲಕದಲ್ಲಿ ನನ್ನ ಹೆಸರು ದಪ್ಪ ಅಕ್ಷರದಲ್ಲಿರುತ್ತದೆ. ಅದರ ಕೆಳಗೆ, ಹಿಟ್ಟು ಸಾಣಿಸಿದವರು ಐಶ್ವರ್ಯಾ ಎಂದು ಬರೆಸಿಯಾಗಿದೆ. ನೀನು ಏನು ಮಾಡಿದೆ ಎಂದು ಯಾರಾದರೂ ಕೇಳಿದರೆ ಕೊಡಬೇಕಾದ ಉತ್ತರ ನಿನಗೆ ಬಾಯಿಪಾಠವೇ ಇದೆ.

ಬರದಿದ್ದರೆ ಹೆದರಿದಳೆಂದು ತಿಳಿಯುತ್ತೇನೆ. ಸಾಣಿಗೆ ನಮ್ಮಲ್ಲೇ ಇದೆ, ನೀನು ಬರಿಗೈಯಲ್ಲಿ ಬಾ.

ಸಿಟ್ಟು ಇನ್ನೂ ಇಳಿಯದ,
ಪ್ರಣಿತಾ

ತಾ.ಕ.: ಬೇಸಿಗೆಯ ಧಗೆಗೆ ಹುಳ ಬಿದ್ದವೆಂದು ಬರೆದದ್ದು ಅರ್ಧ ಮಾತ್ರ ನಿಜ. ನಿಮ್ಮ ಟಂಟಂ ಬಂದು ನಿಂತದ್ದು ನಮ್ಮ ಗಿರಣಿಯ ಮುಂದೆಯೇ. ಅವ್ವ ಸಂತೆಗೆ ಹೋಗಿದ್ದಳು, ಬೀಸಿ ಕೊಟ್ಟವಳು ನಾನು. ಗಿರಣಿಯ ಕೆಳಗೆ ಬಿದ್ದು ಹುಳ ಹಿಡಿದ ಹಿಟ್ಟನ್ನು ಎಮ್ಮೆಗೆಂದು ಗುಡಿಸಿಟ್ಟಿದ್ದೆವು. ಹಾಲಿಗೆ ಹೆಪ್ಪು ಹಾಕಿದ ಹಾಗೆ ಅದರಲ್ಲಿ ಒಂದೊಂದು ಬೊಗಸೆ ನಿಮ್ಮ ಚೀಲಗಳಿಗೆ ಕೂಡಿಸಿದೆ. ಅವ್ವನಿಗೆ ಹೇಳಬೇಡ. ಆ ದಿನ ಮೈಕಿನಲ್ಲಿ ನೀನು ಆಡಿದ್ದು ಸುಳ್ಳಲ್ಲ. ಆ ಚಂದ್ರ ಪೂರಾ ನನ್ನದೇ, ಹುಳ ಸಮೇತ.