ಆಡಿಟ್ ಪೀಸ್

ಸೆಪ್ಟೆಂಬರ್ 1, 2025, ಸೋಮವಾರ. ನಾಶಿಕ್

ಪೋಹೆ ತಿಂದು ಮೂರು ಬಿಳಿ ಗುಳಿಗೆ. ಕಳೆದ ವಾರ ನಾಲ್ಕಿತ್ತು. ಸ್ಟೀರಾಯ್ಡ್. ಎಡಗಣ್ಣಿನ ಒಳಗೆ ಬಾವು ಬಂದಿದ್ದಕ್ಕೆ. ಬಾವು ಇಳಿದಿದೆ, ಪೂರ್ತಿ ಹೋಗಿಲ್ಲ. ಕಣ್ಣಿನ ಡಾಕ್ಟರ್ ಮೇಡಂ ನಿಧಾನವಾಗಿ ಡೋಸ್ ಇಳಿಸುತ್ತಿದ್ದಾರೆ. ಮುಖ ಮಾತ್ರ ಉಬ್ಬಿದೆ. ವೈಷ್ಣವಿ ಕೆನ್ನೆ ಹಿಂಡಿ, "ಮಮ್ಮಿ, ತೂ ಪೂರಿ ಆಗೀದಿ" ಅಂದಳು. ಮೂರನೇ ಕ್ಲಾಸಿನವಳ ಅರ್ಧ ಮರಾಠಿ, ಅರ್ಧ ಕನ್ನಡ. ನಕ್ಕೆ.

ಸಾತಪುರದ ಫ್ಯಾಕ್ಟರಿಯಲ್ಲಿ ಇಂದು ಗಿರಾಕಿ ಕಂಪನಿಯ ಆಡಿಟ್. ಎಂದಿನಂತೆ ಡ್ರಾಯರ್ ತೆಗೆದು, ಎಣ್ಣೆ ಕಾಗದ ಬಿಚ್ಚಿ, ಆಡಿಟ್ ಪೀಸ್‌ಗಳನ್ನು ನನ್ನ ಟೇಬಲ್ ಮೇಲೆ ಜೋಡಿಸಿದೆ. ಗೀರಿಲ್ಲದ, ತುಕ್ಕಿಲ್ಲದ ಬೇರಿಂಗ್ ರಿಂಗ್‌ಗಳು. ದಿನದ ನಿಜವಾದ ಮಾಲು ಪರದೆಯ ಹಿಂದೆ. ಬಂದ ಸಾಹೇಬರು ಒಂದೊಂದನ್ನೇ ಬೆಳಕಿಗೆ ಹಿಡಿದರು. "ಬಹುತ್ ಬಢಿಯಾ." ನಾನು ಸೇರಿದಾಗಿನಿಂದ ಅವೇ ರಿಂಗ್‌ಗಳು ಪಾಸಾಗುತ್ತಿವೆ.

ಸಂಜೆ ನೋಟಿಸ್ ಬೋರ್ಡಿನಲ್ಲಿ ಸುದ್ದಿ. ನಮ್ಮ ತಪಾಸಣೆ ವಿಭಾಗ ದೀಪಾವಳಿ ಮುಗಿದ ಮೇಲೆ ಸಂಭಾಜಿನಗರದ ಪ್ಲಾಂಟಿಗೆ. ಕಾಂಟ್ರಾಕ್ಟ್‌ನವರಲ್ಲಿ ನಾಲ್ವರು ಪರ್ಮನೆಂಟ್. ಅವರಲ್ಲಿ ನಾನೂ ಇದ್ದೇನೆ—ಅಶ್ವಿನಿ ಓಂಕಾರ ಬಿರಾದಾರ. ಮೆಡಿಕಲ್ ಪಾಸಾಗಬೇಕು, ಅಷ್ಟೇ. ಆಗದಿದ್ದರೆ ಸಾತಪುರದಲ್ಲಿ ವಿಭಾಗವೂ ಇಲ್ಲ, ನಾನೂ ಇಲ್ಲ.

ಸೆಪ್ಟೆಂಬರ್ 4, ಗುರುವಾರ. ಸಂಭಾಜಿನಗರ

ನಿನ್ನೆ ರಾತ್ರಿಯೇ ಬಂದು ಶಿವಕಾಂತಣ್ಣನ ಮನೆಯಲ್ಲಿ ಉಳಿದೆ. ಅಣ್ಣ ಇದೇ ಪ್ಲಾಂಟಿನಲ್ಲಿ ಸೂಪರ್‌ವೈಸರ್. ನನ್ನ ಹೆಸರು ಸೇರಿಸಿದ್ದು ತಾನೇ ಎಂದು ಮೂರು ಸಲ ಹೇಳಿದ.

ಖಾಲಿ ಹೊಟ್ಟೆಯಲ್ಲಿ ಒಮ್ಮೆ ರಕ್ತ. ಗುಳಿಗೆ, ಊಟ ಆದ ಮೇಲೆ ಇನ್ನೊಮ್ಮೆ. ಕಣ್ಣಿನ ಪಟ ಎರಡೂ ಕಣ್ಣಿನಲ್ಲಿ ಕೊನೆಯ ಸಾಲಿನವರೆಗೆ ಓದಿದೆ. ನನಗಿದ್ದ ಹೆದರಿಕೆ ಅದೊಂದೇ. ಹಗುರಾಗಿ ಹೊರಗೆ ಬಂದೆ.

ಸೆಪ್ಟೆಂಬರ್ 8, ಸೋಮವಾರ

ಕಣ್ಣು ಪಾಸ್. ರಕ್ತ ಫೇಲ್.

ಬಿಳಿ ರಕ್ತಕಣ 16,800. ಹನ್ನೊಂದು ಸಾವಿರದೊಳಗೆ ಇರಬೇಕು. ಊಟದ ನಂತರದ ಶುಗರ್ 242. ಎರಡೂ ಕೆಂಪಕ್ಷರದಲ್ಲಿ. ಕೆಳಗೆ ಸೀಲು—ತಾತ್ಕಾಲಿಕವಾಗಿ ಅನರ್ಹ, 26ಕ್ಕೆ ಮರುಪರೀಕ್ಷೆ.

ರಿಪೋರ್ಟ್ ಅಣ್ಣನಿಗೆ ಕಳಿಸಿದ್ದೇ ತಪ್ಪು. ಮಧ್ಯಾಹ್ನದೊಳಗೆ ಅದು ಭಾಲ್ಕಿ, ಬೀದರ, ಸೊಲ್ಲಾಪುರದ ನೆಂಟರಿಗೆಲ್ಲ ತಲುಪಿತ್ತು. ಊರಿಂದ ಅಂಬುಜಾ ಅತ್ತಿ ಫೋನ್ ಮಾಡಿ ಅತ್ತರು. "ಯವ್ವಾ, ಬಿಳಿ ರಕ್ತ ಹೆಚ್ಚಾದ್ರ ಅದೇ ಜಡ್ಡಂತಲ್ಲ, ಖರೇನ?" ಯಾವ ಜಡ್ಡು ಎಂದು ಕೇಳಿದರೆ ಹೆಸರು ಹೇಳಲಿಲ್ಲ. ಹೇಳದಿದ್ದರೇ ಹೆಚ್ಚು ಹೆದರಿಕೆ.

ಸೆಪ್ಟೆಂಬರ್ 10, ಬುಧವಾರ

ಡಾಕ್ಟರ್ ಮೇಡಂ ಬಳಿ ಹೋಗಿದ್ದೆ. ಜ್ವರ? ಇಲ್ಲ. ಕೆಮ್ಮು? ಇಲ್ಲ. ಉರಿಮೂತ್ರ? ಇಲ್ಲ. ಆದರೂ ಸೋಂಕಿಗೆ ಬೇರೆ ಟೆಸ್ಟ್ ಮಾಡಿಸಿದರು. ಏನೂ ಇಲ್ಲ.

ಹೇಳಿದ್ದನ್ನು ಮರೆಯುವ ಮೊದಲು ಬರೆದಿಡುತ್ತೇನೆ. ಬಿಳಿ ಕಣಗಳಲ್ಲಿ ಎಷ್ಟೋ ರಕ್ತನಾಳದ ಗೋಡೆಗೆ ಅಂಟಿಕೊಂಡಿರುತ್ತವೆ. ಎಣಿಕೆಗೆ ಸಿಗುವುದಿಲ್ಲ. ಸ್ಟೀರಾಯ್ಡ್ ಅವುಗಳನ್ನು ಬಿಡಿಸಿ ಹರಿವಿಗೆ ತರುತ್ತದೆ. ಆಗ ಸಂಖ್ಯೆ ಏರುತ್ತದೆ. ಶುಗರ್ ಕೂಡ ಹಾಗೆ. ಬೆಳಿಗ್ಗೆ ಗುಳಿಗೆ ತಿಂದರೆ ಮಧ್ಯಾಹ್ನದ ಊಟದ ಮೇಲೆ ಜಿಗಿಯುತ್ತದೆ. ನನ್ನ ಖಾಲಿ ಹೊಟ್ಟೆಯದು 104, ಮೂರು ತಿಂಗಳ ಸರಾಸರಿಯೂ ಮಿತಿಯ ಅಂಚಿನಲ್ಲಿ. ಶುಗರ್ ಮೇಲೆ ಕಣ್ಣಿಡಬೇಕು, ಅನ್ನ ಕಡಿಮೆ ಮಾಡಬೇಕು. ಡೋಸ್ ಇಳಿದಂತೆ ಅದೂ ಇಳಿಯಬಹುದು.

ಬಾಗಿಲ ತನಕ ಬಂದು ಹೇಳಿದರು: ಈ ಸಂಖ್ಯೆ ನೋಡಿ ನೀವೇ ಗುಳಿಗೆ ಬಿಟ್ಟೀರಿ ಜೋಕೆ. ಕಣ್ಣಿನ ಬಾವು ತಿರುಗಿ ಬರುತ್ತದೆ. ಮೈಯೂ ಕುಸಿಯುತ್ತದೆ.

ಪತ್ರ ಕೊಟ್ಟಿದ್ದಾರೆ. ಕಂಪನಿ ಡಾಕ್ಟರಿಗೆ ತಮ್ಮ ನಂಬರನ್ನೂ ಬರೆದಿದ್ದಾರೆ. ಅರ್ಥವಾಯಿತು. ಈ ವಾರದಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಂಡೆ—ಅನ್ನವಲ್ಲ, ರೊಟ್ಟಿ.

ಸೆಪ್ಟೆಂಬರ್ 12, ಶುಕ್ರವಾರ

ಎಚ್‌ಆರ್‌ನ ದಿಗಂತ್ ಫೋನ್. ಒಳ್ಳೆಯ ಹುಡುಗ, ನಗುತ್ತಲೇ ಮಾತಾಡುತ್ತಾನೆ. "ಮ್ಯಾಡಮ್, ಸಿಸ್ಟಮ್ ಮೇ ಲೆಟರ್ ಕಾ ಖಾನಾ ನಹೀ ಹೈ. ವ್ಯಾಲ್ಯೂ ಕಾ ಹೈ." ಪತ್ರ ಹಾಕಲು ಜಾಗವಿಲ್ಲ, ಸಂಖ್ಯೆ ಹಾಕಲು ಮಾತ್ರ ಇದೆಯಂತೆ. ನಮ್ಮ ಡಾಕ್ಟರ್ ಮೇಡಂ ಜೊತೆ ಒಮ್ಮೆ ಮಾತಾಡಿಸಿ ಎಂದೆ. ಕಂಪನಿ ಡಾಕ್ಟರ್ ಬಿಜಿ.

ನನಗೆ ಅರ್ಥವಾಗಿದೆ. ಏನು ಉಪಯೋಗ?

ಸೆಪ್ಟೆಂಬರ್ 14, ಭಾನುವಾರ

ಅಣ್ಣ ಬಂದಿದ್ದ. ಚಹಾ ಕುಡಿಯುವ ಮೊದಲೇ ಶುರು.

"ಎಲ್ಲಾ ಗುಳಿಗಿದಿಂದೇ ಅಂತ ನಿಮ್ಮ ಡಾಕ್ಟರೇ ಹೇಳ್ಯಾಳಲ್ಲ. ಹಂಗಾರ ಗುಳಿಗಿ ಬಿಡು. ನಂಬರ್ ಇಳೀತದ. ರಕ್ತ ಕೊಡು, ಮತ್ತ ಚಾಲೂ ಮಾಡು."

"ಬಿಡಬ್ಯಾಡ ಅಂತನೂ ಹೇಳ್ಯಾರಣ್ಣ."

"ಡಾಕ್ಟರ್ ಮಂದಿ ಹಂಗೇ ಅಂತಾರ. ಅವರ ದುಕಾನ್ ನಡೀಬೇಕಲ್ಲ? ಹತ್ತು ದಿನದಾಗ ಕಣ್ಣೇನು ಬಿಟ್ಟು ಓಡಿ ಹೋತದೇನು? ನಾ ಅಲ್ಲಿ ಸಾಹೇಬರ ಮುಂದ ನಾಕ್ ಮಂದಿ ಕೈ ಕಾಲು ಹಿಡ್ದೀನಿ, ತಂಗಿ. ನನ್ನ ಮಾರಿ ಉಳಸು."

ಗಂಡನ ಕಡೆ ನೋಡಿದೆ. "ನೀವೇನಂತೀರಿ?"

ಓಂಕಾರ ಮೊಬೈಲಿನಿಂದ ತಲೆ ಎತ್ತಲಿಲ್ಲ. "ನಿನ್ನ ಕಣ್ಣು, ನಿನ್ನ ನೌಕರಿ. ನಾ ಏನ್ ಹೇಳ್ಲಿ?"

ಸೆಪ್ಟೆಂಬರ್ 16, ಮಂಗಳವಾರ

ಇಂದು ಗುಳಿಗೆ ತೆಗೆದುಕೊಳ್ಳಲಿಲ್ಲ.

ಅಣ್ಣ ಹೇಳಿದ ಎಂದಲ್ಲ. ಲೆಕ್ಕ ನಾನೇ ಹಾಕಿದೆ. ಕೆಂಪು ಸಂಖ್ಯೆಗೆ ಕಾರಣ ಗೊತ್ತು. ಕಾರಣ ತೆಗೆದರೆ ಸಂಖ್ಯೆ ಸರಿಯಾಗುತ್ತದೆ. ಕಂಪನಿಗೆ ನನ್ನ ನಿಜವಾದ ರಕ್ತ ಬೇಕಿಲ್ಲ, ಟೇಬಲ್ ಮೇಲೆ ಇಡುವಂಥದ್ದು ಬೇಕು. ಒಂದು ಆಡಿಟ್ ಪೀಸ್. ಆ ಕೆಲಸ ನನಗೆ ಬರುತ್ತದೆ. ಆಡಿಟ್ ಮುಗಿದ ಮೇಲೆ ಪರದೆ ಸರಿಸಿ ಹಳೆಯ ಮಾಲು ಮತ್ತೆ ತೆಗೆದರಾಯಿತು.

ಸೆಪ್ಟೆಂಬರ್ 20, ಶನಿವಾರ

ಮೆಟ್ಟಿಲು ಹತ್ತಲು ಆಗುತ್ತಿಲ್ಲ. ಬೆಳಿಗ್ಗೆ ವಾಂತಿ. ಕೀಲುಗಳಲ್ಲಿ ನೋವು. ಎದ್ದರೆ ತಲೆ ತಿರುಗುತ್ತದೆ. ಮುಖದ ಬಾವು ಇಳಿದಿದೆ. ಪಕ್ಕದ ಮನೆಯವರು ಈಗ ಚೆನ್ನಾಗಿ ಕಾಣುತ್ತೀರಿ ಎಂದರು.

ಸೆಪ್ಟೆಂಬರ್ 23, ಮಂಗಳವಾರ

ವೈಷ್ಣವಿ: "ಮಮ್ಮಿ, ನಿಂದು ಡೋಳಾ ಪರತ್ ಲಾಲ್."

ಕಣ್ಣು ಮತ್ತೆ ಕೆಂಪು. ನೋಡಿದ್ದೇನೆ. ನಾಡಿದ್ದು ಅಲ್ಲ, ಅದರ ಮರುದಿನ ರಕ್ತ. ಅಲ್ಲಿಯವರೆಗೆ ತಡೆಯಬೇಕು.

ಸೆಪ್ಟೆಂಬರ್ 26, ಶುಕ್ರವಾರ. ಸಂಭಾಜಿನಗರ

ಕೊಟ್ಟೆ. ಕಣ್ಣಿನ ಪರೀಕ್ಷೆ ಮತ್ತೆ ಇಲ್ಲ. ಅದು ಆಗಲೇ ಪಾಸಾಗಿದೆಯಲ್ಲ. ಲ್ಯಾಬಿನ ಹೊರಗೇ ಕಲ್ಲು ಕಟ್ಟೆಯ ಮೇಲೆ ಕೂತು ಗುಳಿಗೆ ನುಂಗಿದೆ.

ಸೆಪ್ಟೆಂಬರ್ 29, ಸೋಮವಾರ

ಬಿಳಿ ಕಣ 8,200. ಊಟದ ನಂತರದ ಶುಗರ್ 128. ಒಂದೂ ಕೆಂಪಕ್ಷರವಿಲ್ಲ. ಅರ್ಹ.

ಅಣ್ಣನ ಹೆಂಡತಿ ಭುವನೇಶ್ವರಿ ವೈನಿ ಫೋನಿನಲ್ಲಿ ಕುಣಿದಳು. "ಬಾ ಅಶ್ವಿನಿ, ನಿನಗ ಹೋಳಿಗಿ ಮಾಡಿ ಹಾಕ್ತೀನಿ. ಈಗ ಶುಗರೂ ಇಲ್ಲಲ್ಲ!" ಅಣ್ಣ ಎಲ್ಲ ಊರಿಗೂ ರಿಪೋರ್ಟ್ ಕಳಿಸಿದ್ದಾನೆ. ಅಂಬುಜಾ ಅತ್ತಿ ದೇವರಿಗೆ ತೆಂಗಿನಕಾಯಿ ಒಡೆಸಿದರಂತೆ. ಜಡ್ಡು ಹೋಯಿತು ಎಂದು.

ಅಕ್ಟೋಬರ್ 2, ಗುರುವಾರ. ದಸರಾ

ಸಂಜೆ ಬನ್ನಿ ಕೊಡಲು ವೈಷ್ಣವಿ ಎದುರು ನಿಂತಿದ್ದಳು. ಹೊಸ ಫ್ರಾಕ್. ಬಲಗಣ್ಣಿಗೆ ಊದುಬತ್ತಿಯ ಹೊಗೆ ಹೊಕ್ಕಿತು. ಒಂದು ಗಳಿಗೆ ಅದನ್ನು ಮುಚ್ಚಿದೆ.

ಮಗಳ ಜಡೆ ಕಾಣಿಸಿತು. ಕಿವಿಯೋಲೆ ಕಾಣಿಸಿತು. ಮುಖವಿರಲಿಲ್ಲ.

ಎಲೆ ಕೈಯಲ್ಲೇ ಉಳಿಯಿತು. "ಘೇ ನಾ, ಮಮ್ಮಿ" ಎಂದು ಅವಳೇ ತನ್ನ ಎಲೆಯನ್ನು ನನ್ನ ಮುಷ್ಟಿಗೆ ತುರುಕಿದಳು.

ಅಕ್ಟೋಬರ್ 4, ಶನಿವಾರ

ಡಾಕ್ಟರ್ ಮೇಡಂ ಬಹಳ ಹೊತ್ತು ಕಣ್ಣೊಳಗೆ ಬೆಳಕು ಬಿಟ್ಟು ನೋಡಿದರು. ಆಮೇಲೆ ಒಂದೇ ಪ್ರಶ್ನೆ. ಗುಳಿಗೆ ಬಿಟ್ಟಿದ್ದಿರಾ?

ಹೂಂ ಅಂದೆ.

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಾವು ಈಗ ಕಣ್ಣಿನ ಹಿಂಭಾಗಕ್ಕೆ, ನೇರ ದೃಷ್ಟಿ ಬರುವ ಜಾಗಕ್ಕೆ ಬಂದು ಕೂತಿದೆಯಂತೆ. ಈಗ ದಿನಕ್ಕೆ ಐದು ಗುಳಿಗೆ. ಎಷ್ಟು ಮರಳುತ್ತದೆ ಎಂದು ಹೇಳಲಾರೆ ಎಂದರು. ಶುಗರ್‌ಗೆ ಬೇರೆ ಗುಳಿಗೆ. ಲ್ಯಾಬಿನಲ್ಲಿ ಬಿಳಿ ಕಣ 17,500. ಮೊದಲಿಗಿಂತ ಹೆಚ್ಚು. ಈಗ ಅದನ್ನು ಯಾರೂ ಕೇಳುವುದಿಲ್ಲ.

ಮನೆಗೆ ಬಂದು ಹೇಳಿದೆ. ಓಂಕಾರ ಮೊಬೈಲ್ ಕೆಳಗಿಟ್ಟರು. "ನಾ ಆಗೇ ಹೇಳಿದ್ನಲ್ಲ, ನಿನ್ನ ಕಣ್ಣದು ಅಂತ."

ಹೌದು. ಹೇಳಿದ್ದರು.

ಅಕ್ಟೋಬರ್ 25, ಶನಿವಾರ

ದೀಪಾವಳಿ ಮುಗಿಯಿತು. ಬರೆಯಬೇಕು ಅನ್ನಿಸಿರಲಿಲ್ಲ. ಸಾಮಾನು ಕಟ್ಟುತ್ತಿದ್ದೇವೆ. ಅಣ್ಣನಿಗೆ ಕಣ್ಣಿನ ವಿಷಯ ತಿಳಿಸಿದ್ದೇನೆ. "ಪ್ಲಾಂಟಿನ್ಯಾಗ ಯಾರ ಮುಂದನೂ ಬಾಯಿ ಬಿಡಬ್ಯಾಡ." ಅಷ್ಟೇ ಅಂದ.

ಈ ಸಲದ ಕಣ್ಣಿನ ಬಾವಿನ ರಿಪೋರ್ಟ್ ಯಾವ ಊರಿಗೂ ಹೋಗಿಲ್ಲ.

ನವೆಂಬರ್ 3, ಸೋಮವಾರ. ಸಂಭಾಜಿನಗರ. ಸಂಜೆ

ಪರ್ಮನೆಂಟ್ ಕಾರ್ಡ್ ಕೊಟ್ಟರು. ಕೊರಳಿಗೆ ನೀಲಿ ಪಟ್ಟಿ. ಹೊಸ ಬೂತ್, ಹೊಸ ದೀಪ, ಸಾತಪುರದಲ್ಲಿ ಇಲ್ಲದಷ್ಟು ಬೆಳಕು. ಆಡಿಟ್ ಪೀಸ್‌ಗಳೂ ಬಂದಿವೆ, ಅದೇ ಎಣ್ಣೆ ಕಾಗದದಲ್ಲಿ. ಡ್ರಾಯರಿಗೆ ಹಾಕಿದೆ. ದಿಗಂತ್ ಕೈ ಕುಲುಕಿ ಹೇಳಿದ—ಕಣ್ಣಿನ ಪರೀಕ್ಷೆ, ರಕ್ತ ಪರೀಕ್ಷೆ ಎಲ್ಲ ಇನ್ನು ಮುಂದಿನ ಸೆಪ್ಟೆಂಬರ್‌ಗೆ.

ಕುತ್ತಿಗೆ ಸ್ವಲ್ಪ ಎಡಕ್ಕೆ ತಿರುಗಿಸಿ, ರಿಂಗನ್ನು ಬಲಗಣ್ಣಿಗೆ ಹಿಡಿದು ನೋಡುತ್ತೇನೆ. ಯಾರಿಗೂ ಗೊತ್ತಾಗಲಿಲ್ಲ. ಇಂದು ನಾನು ಪಾಸ್ ಮಾಡಿದ ಪೆಟ್ಟಿಗೆಗಳಲ್ಲಿ ಎಷ್ಟು ರಿಂಗ್‌ಗೆ ಗೀರಿತ್ತೋ. ಪ್ರತಿ ಪೆಟ್ಟಿಗೆಯ ಮೇಲೂ ನನ್ನ ಸೀಲು ಇದೆ.

ಡಾಕ್ಟರ್ ಮೇಡಂ ವಾರಕ್ಕೊಮ್ಮೆ ಮನೆಯಲ್ಲೇ ಪರೀಕ್ಷಿಸಿಕೊಳ್ಳಿ ಎಂದಿದ್ದಾರೆ. ಒಳ್ಳೆಯ ಕಣ್ಣು ಮುಚ್ಚಿ, ಗೆರೆ ಹಾಕಿದ ಕಾಗದ ನೋಡಬೇಕು. ಈ ಪುಸ್ತಕದಲ್ಲಿ ಗೆರೆಗಳಿವೆ. ಬಲಗಣ್ಣಿನ ಮೇಲೆ ಅಂಗೈ ಇಟ್ಟುಕೊಂಡು ಬರೆಯುತ್ತಿದ್ದೇನೆ. ಎಡಗಡೆಯ ಅಂಚು ಕಾಣುತ್ತದೆ. ಗೆರೆ ಅಲ್ಲಿಂದ ನೇರವಾಗಿ ಹೊರಡುತ್ತದೆ. ನಡುವೆ ಬಾಗುತ್ತದೆ. ಅದರ ಮುಂದೆ ನಾನು ಬರೆದದ್ದು