ಹನ್ನೊಂದು ಗಂಟೆಯ ಸುತ್ತಿಗೆ

ಜೂನ್ ಹದಿನಾಲ್ಕು,
ಭಾನುವಾರ ಮಧ್ಯಾಹ್ನ

ನನ್ನ ಬಜಾರಿ ಮಗಳಿಗೆ,

ಅಮ್ಮ ಪ್ರೀತಿಯಿಂದ ಬರೆಯುತ್ತಿರುವುದು. ನಿನ್ನ ಪತ್ರ ಮಂಗಳವಾರವೇ ಬಂತು. ಉತ್ತರ ಇಷ್ಟು ತಡವಾಯಿತೆಂದು ಮುಖ ಊದಿಸಿಕೊಳ್ಳಬೇಡ. ಅಂಗಡಿಗೆ ಯಾವುದೋ ಹೋಟೆಲ್ಲಿನ ಪರದೆಗಳ ಕೆಲಸ ಬಂದಿದೆ. ಬಟ್ಟೆ ಕತ್ತರಿಸಿ ಕತ್ತರಿಸಿ ಸಂಜೆಯ ಹೊತ್ತಿಗೆ ಹೆಬ್ಬೆರಳು ಮಡಚಲು ಬರುವುದಿಲ್ಲ, ಪೆನ್ನು ಹಿಡಿಯುವುದು ದೂರದ ಮಾತು. ಫೋನಿನಲ್ಲೇ ಹೇಳಬಹುದಿತ್ತು, ನಿಜ. ಆದರೆ ನಾನು ಫೋನು ಹಿಡಿದರೆ ನಿಮ್ಮಪ್ಪ ಪಕ್ಕದಲ್ಲಿ ನಿಂತು ನನ್ನ ಒಂದೊಂದು ಮಾತಿಗೂ ತಿದ್ದುಪಡಿ ಹಾಕುತ್ತಾರೆ, ಆ ಕಡೆಯಿಂದ ನೀನು ಹೂಂ ಹೂಂ ಅನ್ನುತ್ತೀಯ, ಕಡೆಗೆ ಯಾರು ಏನು ಹೇಳಿದೆವೋ ಯಾರಿಗೂ ತಿಳಿಯುವುದಿಲ್ಲ. ಈಗ ಅವರು ಉಂಡು ಮಲಗಿದ್ದಾರೆ.

ನಾವಿಬ್ಬರೂ ಚೆನ್ನಾಗಿದ್ದೇವೆ. ಕೆಳಗಿನ ಮನೆಯವರು ಬಾಗಿಲಿಗೆ ಹಸಿರು ಬಣ್ಣ ಹೊಡೆಸಿದ್ದಾರೆ. ನಿಮ್ಮಪ್ಪ ಹೋಗುವಾಗೊಮ್ಮೆ ಬರುವಾಗೊಮ್ಮೆ ಅದನ್ನು ನೋಡಿ, ನಮ್ಮ ಬಾಗಿಲು ತೀರಿಹೋಯಿತೇನೋ ಎಂಬಂತೆ ನಿಟ್ಟುಸಿರು ಬಿಡುತ್ತಾರೆ. ನಮ್ಮ ಅಂಗಡಿಯ ದೊಡ್ಡ ಯಜಮಾನರು ಆರೋಗ್ಯ ಸರಿಯಿಲ್ಲವೆಂದು ಮನೆಯಲ್ಲಿ ಕೂತಿದ್ದಾರೆ, ಈಗೆಲ್ಲ ಅವರ ಅಳಿಯನದೇ ದರ್ಬಾರು. ಅದಿರಲಿ.

ನಿನ್ನ ವಿಷಯಕ್ಕೆ ಬರುತ್ತೇನೆ. ಈ ತಿಂಗಳ ಕೊನೆಯೊಳಗೆ ನೀನು ಎರಡರಲ್ಲಿ ಒಂದು ಕಡೆ ಒಪ್ಪಿಗೆ ಹೇಳಬೇಕು. ಕೃತಕ ಹಲ್ಲು ಕಟ್ಟುವ ಕೆಲಸ ಎರಡು ಕಡೆಯೂ ಒಂದೇ. ಒಂದು ಮುಖ್ಯ ರಸ್ತೆಯ ದೊಡ್ಡ ಲ್ಯಾಬು, ಇನ್ನೊಂದು ಆಸ್ಪತ್ರೆಯ ಹಿಂದಿನ ಸಣ್ಣದು. ದೊಡ್ಡ ಲ್ಯಾಬಿನವರು ಒಂದು ದಿನ ಕೂರಿಸಿಕೊಂಡು ಕೆಲಸ ನೋಡಿದರು, ನಿನಗೆ ಹಿಡಿಸಿಬಿಟ್ಟಿತು. ಪತ್ರದ ಮುಕ್ಕಾಲು ಪಾಲು ಅದರದ್ದೇ ವರ್ಣನೆ. ನೀನು ಕೇಳಿರುವುದು ನನ್ನ ಒಪ್ಪಿಗೆ, ಅಭಿಪ್ರಾಯ ಬೇಕಾಗಿರಲಿಲ್ಲ ಎಂದು ಗೊತ್ತು. ಆದರೂ ಅಭಿಪ್ರಾಯವನ್ನೇ ಕಳಿಸುತ್ತಿದ್ದೇನೆ.

ನಿಮ್ಮಪ್ಪ ಪತ್ರ ಓದಿ, ಮೊದಲನೇ ಕೆಲಸ, ದೊಡ್ಡ ಜಾಗ, ಕಣ್ಣು ಮುಚ್ಚಿಕೊಂಡು ಸೇರಲಿ ಎಂದರು. ಕಣ್ಣು ತೆರೆದುಕೊಂಡು ನೋಡಿದರೆ ಏನು ಕಾಣುತ್ತದೋ ಅದನ್ನೂ ಹೇಳಿ ಎಂದೆ. ಯಜಮಾನರೆಂದರೆ ಎಲ್ಲ ಕಡೆಯೂ ಹಾಗೇ, ಸ್ವಲ್ಪ ಬಿಸಿ ಇರುತ್ತಾರೆ, ಇವಳೂ ಗಟ್ಟಿಯಾಗಲಿ ಎಂದರು. ನಾನು ಪತ್ರ ಕಿತ್ತುಕೊಂಡು ಅಡುಗೆಮನೆಗೆ ಹೋದೆ.

ದೊಡ್ಡ ಲ್ಯಾಬಿನ ಆ ಕಿಟಕಿಯ ಸಂಗತಿಯನ್ನೇ ತೆಗೆದುಕೋ. ದಿನಾ ಹನ್ನೊಂದು ಗಂಟೆಗೆ ಬೆಳಕು ನೇರವಾಗಿ ಬೀಳುವಾಗ ಎಲ್ಲರೂ ತಾವು ಕಟ್ಟಿದ ಹಲ್ಲಿನ ಸೆಟ್ಟುಗಳನ್ನು ಟ್ರೇಯಲ್ಲಿ ತಂದು ಕಿಟಕಿಯ ಕಲ್ಲಿನ ಮೇಲೆ ಇಡಬೇಕು. ಹಲ್ಲಿನ ಬಣ್ಣ ಹಗಲ ಬೆಳಕಿನಲ್ಲೇ ನೋಡಬೇಕಂತೆ, ಸರಿ, ನಾವೂ ಪರದೆ ಬಟ್ಟೆಯನ್ನು ಹೊರಗೆ ತಂದೇ ನೋಡುತ್ತೇವೆ. ಆಮೇಲೆ ಯಜಮಾನ ಒಂದನ್ನು ಆರಿಸುತ್ತಾನೆ. ಕಟ್ಟಿದವರೇ ಸಣ್ಣ ಸುತ್ತಿಗೆ ತೆಗೆದುಕೊಂಡು ಎಲ್ಲರ ಎದುರಿಗೆ ಅದನ್ನು ಒಡೆಯಬೇಕು. 'ಎಂಥಾ ಶಿಸ್ತು ಅಮ್ಮಾ!' ಎಂದು ಬರೆದಿದ್ದೀಯ.

ಬೆಳಕು ಯಾಕೆ ಬೇಕೆಂದು ಅರ್ಥವಾಯಿತು. ಸುತ್ತಿಗೆ ಯಾಕೆ ಬೇಕು? ಸರಿಯಿಲ್ಲದ್ದನ್ನು ತಿದ್ದಬಹುದು, ತಿದ್ದಲಾಗದಿದ್ದರೆ ಪಕ್ಕಕ್ಕಿಡಬಹುದು. ದಿನಾ ಒಂದು ಕೆಟ್ಟದ್ದು ಸಿಕ್ಕೇ ಸಿಗುತ್ತದೆಯೇ? ಎಲ್ಲವೂ ಚೆನ್ನಾಗಿರುವ ದಿನ ಆ ಮನುಷ್ಯ ಏನು ಮಾಡುತ್ತಾನೆ ಎಂದು ಯೋಚಿಸಿದೆ. ಅದಕ್ಕೆ ಉತ್ತರ ನಿನ್ನ ಪತ್ರದಲ್ಲೇ ಇತ್ತು. ಬೆಳಗಿನಿಂದ ನಿನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೇಣದ ಚಾಕು ಎಲ್ಲಿ ಹಿಡಿಯಬೇಕೆಂದು ತೋರಿಸಿಕೊಟ್ಟರಲ್ಲ ಆ ನರೆಗೂದಲಿನ ಹೆಂಗಸು, ಅವತ್ತು ಆರಿಸಿದ್ದು ಅವರ ಸೆಟ್ಟನ್ನು. ಪಕ್ಕಕ್ಕೆ ನೀನು ಮಾಡಿದ್ದನ್ನು ಇಟ್ಟು, 'ಇವತ್ತು ಬಂದಿರೋ ಹುಡುಗಿ ಮಾಡಿದ್ದು ನೋಡಿ. ನೀವು ಇಷ್ಟು ವರ್ಷ ಇಲ್ಲಿ ಏನ್ ಕಿಸಿದ್ರಿ?' ಎಂದನಂತೆ. ನೀನು ಹಿಗ್ಗಿ ಹೀರೇಕಾಯಿಯಾಗಿ ಅದನ್ನು ಬರೆದಿದ್ದೀಯ. ಆದರೆ ಅದರ ಕೆಳಗೇ, ಬರೆಯಲೋ ಬೇಡವೋ ಎಂಬಂತೆ ಸಣ್ಣ ಅಕ್ಷರದಲ್ಲಿ, 'ನಿಜ ಹೇಳ್ಬೇಕು ಅಂದ್ರೆ ಅವರದ್ದು ಚೆನ್ನಾಗೇ ಇತ್ತು' ಎಂದೂ ಬರೆದಿದ್ದೀಯ. ನೀನು ನನ್ನ ಮಗಳೆಂದು ನನಗೆ ನಂಬಿಕೆ ಬಂದದ್ದು ಆ ಒಂದು ಸಾಲಿನಲ್ಲಿ.

ನಿನಗೆ ಸಿಕ್ಕಿದ ಹೊಗಳಿಕೆ ಆ ಹೆಂಗಸಿನ ತಟ್ಟೆಯಿಂದ ಎತ್ತಿ ನಿನಗೆ ಬಡಿಸಿದ್ದು. ಇನ್ನೊಬ್ಬಳು ಬಂದ ದಿನ ನಿನ್ನ ತಟ್ಟೆಗೆ ಕೈ ಹಾಕುತ್ತಾನೆ. ಅಷ್ಟರಲ್ಲಿ ನೀನು ಅವನ ಒಂದು ಒಳ್ಳೆಯ ಮಾತಿಗೆ ಬಾಯಿ ಬಿಟ್ಟುಕೊಂಡು ಕಾಯುವುದನ್ನು ಕಲಿತಿರುತ್ತೀಯ. ಬೈಯುವ ಯಜಮಾನನನ್ನು ಮೊದಲ ದಿನವೇ ಗುರುತು ಹಿಡಿಯಬಹುದು ಮಗಳೇ, ಅಟ್ಟಕ್ಕೇರಿಸುವವನನ್ನು ಗುರುತು ಹಿಡಿಯುವುದೇ ಕಷ್ಟ. ಏಣಿ ಅವನ ಕೈಯಲ್ಲೇ ಇರುತ್ತದೆ.

ನೀನು ಜಾಣೆ, ಈ ಕುರ್ಚಿಯಲ್ಲಿ ಮೊದಲು ಯಾರಿದ್ದರು ಎಂದು ಕೇಳಿದೆಯಂತೆ. ಅವಳಿಗೆ ನಿಯತ್ತಿರಲಿಲ್ಲ ಎಂದನಂತೆ. ಅವಳಿಗಿಂತ ಮುಂಚಿನವನಿಗೆ ತಲೆ ಸರಿಯಿರಲಿಲ್ಲವಂತೆ. ಬಿಟ್ಟುಹೋದವರೆಲ್ಲ ಕೆಟ್ಟವರು, ಉಳಿದವರೆಲ್ಲ ದಡ್ಡರು, ಇಡೀ ಲ್ಯಾಬಿಗೆ ಒಳ್ಳೆಯವಳೆಂದರೆ ನೀನೊಬ್ಬಳೇ, ಅದೂ ಇನ್ನೂ ಸೇರದವಳು. ಸಂಜೆ ಎಷ್ಟು ಹೊತ್ತಿಗೆ ಬಿಡುತ್ತೀರಿ ಎಂದು ಕೇಳಿದ್ದಕ್ಕೆ, 'ನಾವಿಲ್ಲಿ ಒಂದೇ ಮನೆಯವರ ಥರ. ಮನೇಲಿ ಯಾರಾದ್ರೂ ಗಂಟೆ ನೋಡ್ತಾರಾ?' ಎಂದು ನಕ್ಕನಂತೆ. ನಮ್ಮ ಮನೆಯಲ್ಲಿ ನೋಡುತ್ತಾರಪ್ಪ. ಊಟ ಐದು ನಿಮಿಷ ತಡವಾದರೆ ನಿಮ್ಮಪ್ಪ ನನ್ನನ್ನೂ ಗೋಡೆ ಗಡಿಯಾರವನ್ನೂ ಸೇರಿಸಿ ಬೈಯುತ್ತಾರೆ. ಮನೆ ಎಂಬ ಮಾತು ಅವನ ಬಾಯಲ್ಲಿ ಬಂದದ್ದು ನೀನು ಗಂಟೆ ಕೇಳಿದಾಗ ಮಾತ್ರ, ಗಮನಿಸು.

ಇನ್ನು ಸಣ್ಣ ಲ್ಯಾಬು. ಅದಕ್ಕೆ ನೀನು ಕೊಟ್ಟಿರುವುದು ಅರ್ಧ ಪುಟ, ಅದೂ ಮೂಗು ಮುರಿದುಕೊಂಡು. ನೆಲದ ಮೇಲೆಲ್ಲ ಪ್ಲಾಸ್ಟರ್ ಪುಡಿ, ಗೋಡೆಯ ಬಣ್ಣ ಎದ್ದಿದೆ, ಯಜಮಾನ ಹವಾಯಿ ಚಪ್ಪಲಿ ಹಾಕಿಕೊಂಡು ಬಂದ, ಸಂಬಳವೂ ಕಡಿಮೆ. ಅವನು ನಿನ್ನ ಜೊತೆ ಮಾತಾಡುತ್ತಿರುವಾಗ ಒಳಗಿನಿಂದ ಕೆಲಸದವನೊಬ್ಬ, 'ಸಾರ್, ನೀವು ನೀರು ಜಾಸ್ತಿ ಹಾಕಿದೀರ, ಇದು ಗಟ್ಟಿಯಾಗಲ್ಲ' ಎಂದು ಕೂಗಿ ಹೇಳಿದನಂತೆ. ಯಜಮಾನ ಎದ್ದು ಹೋಗಿ ನೋಡಿ, 'ಹೌದಲ್ಲ, ಚೆಲ್ಲಿಬಿಡು, ಬೇರೆ ಕಲಸ್ತೀನಿ' ಎಂದನಂತೆ. ಅಲ್ಲಿ ಯಜಮಾನನಿಗೆ ಮರ್ಯಾದೆಯೇ ಇಲ್ಲ ಎಂದು ನಿನ್ನ ತೀರ್ಪು. ಆ ಭಾಗವನ್ನು ನಾನು ಮತ್ತೊಮ್ಮೆ ಓದಿದೆ. ತಪ್ಪಾಗಿದೆ ಎಂದು ಯಜಮಾನನಿಗೆ ಹೆದರದೆ ಹೇಳುವವನೊಬ್ಬ, ಹೇಳಿಸಿಕೊಂಡು ತಾನೇ ಬೇರೆ ಕಲಸುವವನೊಬ್ಬ. ಹಿಂದೆ ಇದ್ದ ಹುಡುಗಿ ಮದುವೆಯಾಗಿ ಬೇರೆ ಊರಿಗೆ ಹೋದರೂ ಈ ಕಡೆ ಬಂದಾಗಲೆಲ್ಲ ಬಂದು ಕೂತು ಹರಟೆ ಹೊಡೆದು ಹೋಗುತ್ತಾಳೆ ಎಂದೂ ಬರೆದಿದ್ದೀಯ. ನನಗೆ ಆ ಜಾಗ ಇಷ್ಟವಾಯಿತು.

ಅಮ್ಮ ಹೇಳಿದಳೆಂದು ಮಾಡಬೇಡ. ಈ ಪತ್ರ ತಲುಪಿದ ಮೇಲೆ ಒಂದೆರಡು ದಿನ ಕೆಲಸ ಬಿಡುವ ಹೊತ್ತಿಗೆ ಎರಡೂ ಕಡೆ ಎದುರುಗಡೆಯ ಫುಟ್‌ಪಾತಿನಲ್ಲಿ ನಿಂತು ನೋಡು. ಹೊರಗೆ ಬರುವವರು ಒಬ್ಬರಿಗೊಬ್ಬರು ಮಾತಾಡಿಕೊಂಡು ಬರುತ್ತಾರೋ, ಒಬ್ಬೊಬ್ಬರೇ ತಲೆ ತಗ್ಗಿಸಿಕೊಂಡು ಬಸ್ ಸ್ಟಾಪಿನ ಕಡೆ ಹೋಗುತ್ತಾರೋ. ಅಷ್ಟು ಸಾಕು. ಆಮೇಲೆ ನಿನ್ನಿಷ್ಟ. ದೊಡ್ಡ ಲ್ಯಾಬಿಗೇ ಹೋಗುತ್ತೇನೆ ಎಂದರೂ ನೀನು ನನ್ನ ಮಗಳೇ, ಬಾಗಿಲು ಹಾಕಿಕೊಳ್ಳುವುದಿಲ್ಲ. ಆದರೆ ಹೋಗಬೇಡ.

ನಿನ್ನ ಚಪ್ಪಲಿ ಕಿತ್ತಿದೆ ಎಂದಿದ್ದೆ, ಹೊಸದು ಕೊಂಡುಕೋ. ಹೊತ್ತಿಗೆ ಸರಿಯಾಗಿ ಊಟ ಮಾಡು. ತಲೆ ಎತ್ತಿಕೊಂಡು ಹೋಗಿ ತಲೆ ಎತ್ತಿಕೊಂಡೇ ಮನೆಗೆ ಬರುವಂಥ ಕೆಲಸ ನಿನಗೆ ಸಿಗಲಿ. ನಿನ್ನ ಕೈಯಲ್ಲಿ ಕಟ್ಟಿದ ಹಲ್ಲು ಹಾಕಿಕೊಂಡವರು ಹೊಟ್ಟೆ ತುಂಬ ಉಣ್ಣಲಿ.

ಇಂತಿ,
ನಿನ್ನ ಅಮ್ಮ

ಮರೆತು ಉಳಿದ ಮಾತು ಎಂದು ಬರೆಯಹೊರಟೆ. ಮರೆತಿರಲಿಲ್ಲ. 'ಸುತ್ತಿಗೆ ಬಿದ್ದಾಗ ಎಲ್ಲರೂ ನಕ್ಕರು, ನಾನೂ ನಕ್ಕೆ, ಆ ಹೆಂಗಸು ಮಾತ್ರ ತಲೆ ಎತ್ತಲಿಲ್ಲ, ಪಾಪ, ಅಭ್ಯಾಸ ಆಗಿರಬೇಕು' ಎಂದು ಬರೆದಿದ್ದೀಯ. ಅಭ್ಯಾಸ ಆಗುವುದಿಲ್ಲ. ನಮ್ಮ ಅಂಗಡಿಯ ಅಳಿಯ ಹೊಸಬರು ಯಾರೇ ಬರಲಿ, ಮೊದಲು ನನ್ನ ಮೇಜಿನ ಮುಂದೆ ತಂದು ನಿಲ್ಲಿಸುತ್ತಾನೆ. ನಾನು ಕತ್ತರಿಸಿದ ಬಟ್ಟೆಯನ್ನು ಎತ್ತಿ ಹಿಡಿದು, 'ಕೆಲಸ ಹೇಗೆ ಮಾಡಬಾರದು ಅಂತ ಇವರನ್ನ ನೋಡಿ ಕಲೀರಿ' ಅನ್ನುತ್ತಾನೆ. ಅವನು ಬಂದಾಗಿನಿಂದ ಹೀಗೇ ನಡೆದಿದೆ. ಈ ವಯಸ್ಸಿನಲ್ಲಿ ನನ್ನನ್ನು ಬೇರೆ ಯಾರು ತೆಗೆದುಕೊಳ್ಳುತ್ತಾರೆ ಎಂದು ಸುಮ್ಮನಿದ್ದೇನೆ. ನಿಮ್ಮಪ್ಪನಿಗೆ ಗೊತ್ತಿಲ್ಲ, ನೀನೂ ಹೇಳಬೇಡ. ಹೋದ ವಾರ ಬಂದ ಹುಡುಗಿಗೆ ನಿನ್ನದೇ ವಯಸ್ಸು. ಅವಳು ಮೊದಲು ಅವನ ಮುಖ ನೋಡಿದಳು, ಆಮೇಲೆ ನಕ್ಕಳು. ಯಾರ ಮಗಳೋ ಏನೋ ಅಂದುಕೊಂಡು ನಾನು ಕತ್ತರಿ ಎತ್ತಿಕೊಂಡೆ. ಅವತ್ತು ನನಗೆ ಅಳು ಬರಲಿಲ್ಲ. ನಿನ್ನ ಪತ್ರ ಓದಿದ ಮೇಲೆ ಬಂತು.