ಹಿಣಿಲಿಲ್ಲದ ಬಸವ

ಅಕ್ಟೋಬರ್ 8, 1986. ಹಿರೇನಲ್ಲೂರು
ಕಡೂರಿನ ಬಸ್ಸಿನಲ್ಲಿ ಜೆರ್ಸಿ ಹೋರಿಯ ವೀರ್ಯ ತುಂಬಿದ ನೈಟ್ರೋಜನ್ ಕ್ಯಾನ್ ಬಂತು. ಎರಡು ಹಸುಗಳಿಗೆ ಜೆರ್ಸಿ ಇಂಜೆಕ್ಷನ್. ಇನ್ನು ನಾಟಿ ಹೋರಿಗಳ ಬೀಜ ಒಡೆಯಬೇಕೆಂದು ಆರ್ಡರ್ — ವೀರಭದ್ರನಿಗೆ ಬಿಟ್ಟ ಬಸವನದೂ ಸೇರಿ. ಅಜ್ಜಂಪುರದ ಅಮೃತಮಹಲ್ ತಳಿಯ ರಕ್ತ ಅದು. ಆರ್ಡರ್ ಬರೆದವನು ಒಮ್ಮೆ ಅದರ ಮುಂದೆ ನಿಂತು ನೋಡಲಿ.

ಅಕ್ಟೋಬರ್ 12
ಮಂಡಲ ಪಂಚಾಯ್ತಿ ಎಲೆಕ್ಷನ್ ಬರುತ್ತಿದೆ. ನಮ್ಮೂರಿಂದ ನಿಂತಿರುವ ರೇವಣಪ್ಪನಿಗೆ ಭಾಷಣದ ವಿಷಯ ಸಿಕ್ಕಿತು. "ಬಸವನ ಮೈ ಮುಟ್ಟೋಕೆ ಬಿಡಲ್ಲ. ಪರದೇಶಿ ರಕ್ತ ನಮ್ಮ ಕೊಟ್ಟಿಗೆಗೆ ಬ್ಯಾಡ." ಚಪ್ಪಾಳೆ.
ಸಂಜೆ ಅದೇ ಮನುಷ್ಯ ನನ್ನ ಹಿತ್ತಿಲಿಗೆ ಹಸು ಹೊಡೆದುಕೊಂಡು ಬಂದ. "ಡಾಕ್ಟ್ರೇ, ಒಂದು ಜೆರ್ಸಿ ಹಾಕ್ಬಿಡಿ. ಮನೇಲಿ ಹೇಳ್ಬೇಡಿ." ಹಾಕಿದೆ. ಹೇಳೋದು ಆಚಾರ, ಮಾಡೋದು ಅನಾಚಾರ.

ಜನವರಿ 30, 1987
ರೇವಣಪ್ಪ ಗೆದ್ದ. ಅವನಿಗೊಂದು ಹಾರ, ಬಸವನಿಗೊಂದು. ಆರ್ಡರ್ ಫೈಲಿನಲ್ಲಿ ಮಲಗಿತು. ಬಸವ ಉಳಿದದ್ದಕ್ಕೆ ಸಂತೋಷವಾಯಿತು, ಬರೆದೇಬಿಡುತ್ತೇನೆ.
ಅವನ ಹೆಂಡತಿ ಕಾಶಮ್ಮ ಸಿಕ್ಕಿದ್ದರು. "ಇವ್ರು ಗೆದ್ರೆ ಗಬ್ಬದ ಹಸೀನ ಗಂಡುಕರ ವೀರಭದ್ರಂಗೆ ಬಿಡ್ತೀನಿ ಅಂತ ಹರಕೆ ಹೊತ್ತಿದ್ದೆ ಕಣ್ರೀ." ಪಾಪ, ಅದು ಬಸವನ ಗಬ್ಬ ಅಂದುಕೊಂಡಿದ್ದಾರೆ. ಹೆಣ್ಣುಕರುವೇ ಆಗಲಿ...

ಜುಲೈ 21
ಗಂಡು. ಜೆರ್ಸಿಯದೇ ಜಿಂಕೆ ಬಣ್ಣ. ರೇವಣಪ್ಪ ಮುಖ ಇಳಿಸಿಕೊಂಡು ಬಂದ.
"ಡಾಕ್ಟ್ರೇ, ಹಿಣಿಲು ಬರೋಕೆ ಇಂಜೆಕ್ಷನ್ ಏನಾದ್ರೂ ಐತಾ?"
ಇವನು ನಮ್ಮ ತಳಿಯ ರಕ್ಷಕ.
"ಇಲ್ಲ. ಮನೆಯವರಿಗೆ ನಿಜ ಹೇಳಿ."
"ಹೇಳಿದ್ರೆ ನನ್ನ ಸೀಟು ಉಳೀತದಾ?"

ನವೆಂಬರ್ 14, 1988
ಕರು ಬೆಳೆದಿದೆ. ಜೆರ್ಸಿಯ ಹಾಗೆ ಹಿಣಿಲಿಲ್ಲ, ಬೆನ್ನು ಹಲಗೆಯಂತೆ ಚಪ್ಪಟೆ. ಊರಿಗೆಲ್ಲ ಗೊತ್ತು, ಕಾಶಮ್ಮನಿಗೆ ಬಿಟ್ಟು. ಯಾರೂ ಬಾಯಿ ಬಿಡುವುದಿಲ್ಲ — ಅವರಿಗೂ ಜೆರ್ಸಿಯ ಹಾಲು ಬೇಕು. ನಾಡಿದ್ದು ದೇವರಿಗೆ ಬಿಡುತ್ತಾರೆ. ಇಲ್ಲಿಯ ಕಟ್ಟಳೆ: ದೇವರಿಗೆ ಒಂದೇ ಹೋರಿ, ಹೊಸದು ಬಂದ ದಿನ ಹಳೆಯದರ ಬೀಜ ಒಡೆಯಬೇಕು. ಇಕ್ಕಳ ತರಲು ರೇವಣಪ್ಪ ನನಗೇ ಹೇಳಿಕಳಿಸಿದ್ದಾನೆ.
ಸರ್ಕಾರದ ಕೈಲಾಗದ್ದನ್ನು, ಅದನ್ನು ಬೈದು ಗೆದ್ದವನು ದೇವರ ಹೆಸರಲ್ಲಿ ಮಾಡಿ ಮುಗಿಸುತ್ತಿದ್ದಾನೆ. ಥೂ.
ಗುಡಿಯ ಮುಂದೆ ಒಬ್ಬರು ಇದು ಜೆರ್ಸಿ ಎಂದು ಬಾಯಿಬಿಟ್ಟು ಹೇಳಿದರೆ ಸಾಕು, ನಿಂತುಹೋಗುತ್ತದೆ. ಆದರೆ ಜೆರ್ಸಿ ಹಾಕಿದ ಕೈ ನನ್ನದು.

ನವೆಂಬರ್ 16
ಬಸವನ ಕಾಲು ಕಟ್ಟಿ ಕೆಡವಿದರು. ಇಕ್ಕಳ ನನ್ನ ಕೈಯಲ್ಲಿ. ಕಾಶಮ್ಮ ಅದರ ಹಣೆಗೆ ವಿಭೂತಿ ಹಚ್ಚಿ ಅಳುತ್ತಿದ್ದರು.
"ಹೋಗ್ಲಿ ಬಿಡಿ ಡಾಕ್ಟ್ರೇ. ಬರ್ತಿರೋದು ಇದರ ಮಗನೇ ಅಲ್ವಾ? ವಂಶ ಉಳೀತು."
ಊರೆಲ್ಲ ನನ್ನ ಬಾಯಿ ನೋಡುತ್ತಿತ್ತು. ರೇವಣಪ್ಪನೂ.
ನಾನು ಕಾಶಮ್ಮನಿಗೆ ಹೇಳಿದ್ದು — "ಹೌದಮ್ಮ, ಇದರ ಮಗನೇ." ಹೇಳಿ ಇಕ್ಕಳ ಒತ್ತಿದೆ.